‘ಮಿದುಳು ಮಾಡಿಸಿತು, ನಾನಲ್ಲ’ ಅಂದರೆ ಹೊಣೆ ಯಾರದ್ದು?

ಪ್ರಶ್ನೆ: ನನ್ನ ತಮ್ಮ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾನೆ. ಕುಡಿತ ಜಾಸ್ತಿ. ಮಳೆಗಾಲದಲ್ಲಿ ಬೋಟ್ ದಡ ಸೇರಿದ ಮೇಲೆ ಇನ್ನೂ ಜಾಸ್ತಿ. ಮೊನ್ನೆ ಅಮ್ಮ ದೇವಸ್ಥಾನಕ್ಕೆ ಹೋದ ಹೊತ್ತಿಗೆ ಕಪಾಟಿನಿಂದ ನನ್ನ ಎರಡು ಬಳೆ ತೆಗೆದು ಅಡವಿಟ್ಟಿದ್ದಾನೆ. ಅದೇ ಡಬ್ಬದಲ್ಲಿದ್ದ ಅಮ್ಮನ ಕರಿಮಣಿ ಸರವನ್ನು ಮುಟ್ಟಿಲ್ಲ. ಕೇಳಿದರೆ, ‘ಅಪ್ಪನೂ ಹೀಗೇ ಇದ್ದರು, ನನ್ನ ಮಿದುಳೇ ಹೀಗೆ. ನಾವು ನಿರ್ಧಾರ ಮಾಡುವ ಮೊದಲೇ ಮಿದುಳು ಮಾಡಿರುತ್ತದೆ, ವಿಜ್ಞಾನಿಗಳೇ ತೋರಿಸಿದ್ದಾರೆ, ವಿಡಿಯೋ ನೋಡು’ ಎನ್ನುತ್ತಾನೆ. ಅಮ್ಮ ‘ಅವನ ಹಣೆಬರಹ, ಬಿಡು’ ಎನ್ನುತ್ತಾರೆ. ಎಲ್ಲವೂ ಮೊದಲೇ ತೀರ್ಮಾನ ಆಗಿದ್ದರೆ ನಾನು ಅವನ ಮೇಲೆ ಸಿಟ್ಟು ಮಾಡುವುದು ಸರಿಯಾ? ಬಳೆ ಬಿಡಿಸಿ ಕೊಡು ಎಂದು ಕೇಳುವ ಹಕ್ಕು ನನಗೆ ಉಂಟಾ?
— ಒಬ್ಬ ಅಕ್ಕ, ಉಡುಪಿ

ಉತ್ತರ: ಹಕ್ಕು ಉಂಟು. ಸಿಟ್ಟೂ ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಬಳೆ ತೆಗೆದವನು ಅವನು, ಪತ್ರದಲ್ಲಿ ಸಂಕೋಚ ಪಡುತ್ತಿರುವವರು ನೀವು.

ಆದರೆ ನಿಮ್ಮ ತಮ್ಮನ ಮಾತನ್ನು ಕುಡುಕನ ನೆಪ ಎಂದು ತಳ್ಳಿಹಾಕುವುದೂ ಬೇಡ. ಇದು ಎರಡೂವರೆ ಸಾವಿರ ವರ್ಷ ಹಳೆಯ ವಾದ. ಬಹಳ ಬುದ್ಧಿವಂತರು ಇದನ್ನು ಒಪ್ಪಿದ್ದಾರೆ, ಈಗಲೂ ಒಪ್ಪುವವರಿದ್ದಾರೆ. ಅದರಲ್ಲಿ ಸತ್ಯವೂ ಇದೆ. ಆ ಸತ್ಯ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು, ಅಷ್ಟೇ.

ವಿಡಿಯೋದ ವಿಷಯ ಮೊದಲು ಮುಗಿಸೋಣ. ಅದು ಬಹುಶಃ ಬೆಂಜಮಿನ್ ಲಿಬೆಟ್ ಎಂಬ ಅಮೆರಿಕದ ವಿಜ್ಞಾನಿಯ ಪ್ರಯೋಗ. 1983ರಲ್ಲಿ ಪ್ರಕಟವಾದದ್ದು. ತಲೆಗೆ ತಂತಿ ಅಂಟಿಸಿಕೊಂಡು ಕೂತವರು ತಮಗೆ ಮನಸ್ಸು ಬಂದಾಗ ಕೈ ಆಡಿಸಬೇಕು. ಎದುರಿಗೆ ಗಡಿಯಾರದ ಹಾಗೆ ಒಂದು ಚುಕ್ಕಿ ಸುತ್ತುತ್ತಿರುತ್ತದೆ. ‘ಆಡಿಸೋಣ’ ಅನ್ನಿಸಿದಾಗ ಚುಕ್ಕಿ ಎಲ್ಲಿತ್ತು ಎಂದು ಆಮೇಲೆ ಹೇಳಬೇಕು. ಫಲಿತಾಂಶ ಏನು ಬಂತೆಂದರೆ, ಕೈ ಆಡುವ ಸುಮಾರು 550 ಮಿಲಿಸೆಕೆಂಡ್ ಮೊದಲೇ ಮಿದುಳಿನಲ್ಲಿ ಒಂದು ವಿದ್ಯುತ್ ಅಲೆ ಏರಲು ಶುರುವಾಗಿತ್ತು. ‘ಆಡಿಸೋಣ’ ಅನ್ನಿಸಿದ್ದು ಮಾತ್ರ ಸುಮಾರು 200 ಮಿಲಿಸೆಕೆಂಡ್ ಮೊದಲು. ಅಂದರೆ ಮಿದುಳು ಮೊದಲು, ನಾವು ಆಮೇಲೆ. ಹೀಗೆಂದು ಜಗತ್ತಿನಾದ್ಯಂತ ಸುದ್ದಿಯಾಯಿತು.

ಅದರ ನಂತರದ ಕಥೆ ವಿಡಿಯೋಗಳಲ್ಲಿ ಅಷ್ಟಾಗಿ ಬರುವುದಿಲ್ಲ. 2012ರಲ್ಲಿ ಆರನ್ ಶುರ್ಗರ್ ಮತ್ತು ಜೊತೆಯವರು ಆ ಅಲೆಗೆ ಬೇರೆಯೇ ವಿವರಣೆ ಕೊಟ್ಟರು. ಮಿದುಳಿನಲ್ಲಿ ಯಾವಾಗಲೂ ಸಣ್ಣ ಏರಿಳಿತ ಇದ್ದೇ ಇರುತ್ತದೆ. ಕೈ ಆಡಿಸಲು ಬೇರೆ ಯಾವ ಕಾರಣವೂ ಇಲ್ಲದಾಗ, ಆ ಏರಿಳಿತ ಮೇಲೆ ಹೋದ ಹೊತ್ತಿಗೇ ಕೈ ಆಡುತ್ತದೆ. ಹಿಂದಿರುಗಿ ಲೆಕ್ಕ ಹಾಕಿದರೆ ಅದು ಮೊದಲೇ ಮಾಡಿಟ್ಟ ತೀರ್ಮಾನದಂತೆ ಕಾಣುತ್ತದೆ, ಆದರೆ ತೀರ್ಮಾನವಲ್ಲ. 2019ರಲ್ಲಿ ಇನ್ನೊಂದು ತಂಡ ಬೆರಳಾಟ ಬಿಟ್ಟು ತೂಕವಿರುವ ಆಯ್ಕೆಯನ್ನೇ ಪರೀಕ್ಷಿಸಿತು. ಎರಡು ಸೇವಾ ಸಂಸ್ಥೆಗಳಲ್ಲಿ ಯಾವುದಕ್ಕೆ 1000 ಡಾಲರ್ ಹೋಗಬೇಕು ಎಂದು ಜನ ಯೋಚಿಸಿ ಹೇಳಬೇಕಿತ್ತು. ಅಲ್ಲಿ ಆ ಅಲೆ ಹೆಚ್ಚುಕಡಿಮೆ ಕಾಣಲೇ ಇಲ್ಲ.

ಕಪಾಟಿನ ಕೀಲಿ ಹುಡುಕಿ, ಡಬ್ಬ ತೆರೆದು, ಬಳೆ ತೆಗೆದು, ಅಡವಿನ ಅಂಗಡಿಗೆ ಹೋಗಿ ಸಹಿ ಹಾಕುವುದು ಅರ್ಧ ಸೆಕೆಂಡಿನ ಕೆಲಸ ಅಲ್ಲ. ಲಿಬೆಟ್ ಇಲ್ಲಿ ಸಹಾಯಕ್ಕೆ ಬರುವುದಿಲ್ಲ.

ಆದರೆ ಪ್ರಯೋಗ ಬಿದ್ದುಹೋದರೂ ಅದರ ಹಿಂದಿನ ವಾದ ಬೀಳುವುದಿಲ್ಲ. ನಿಜವಾದ ವಾದ ಇದು: ನಡೆಯುವುದಕ್ಕೆಲ್ಲ ಕಾರಣ ಇದೆ. ಆ ಕಾರಣಕ್ಕೂ ಕಾರಣ ಇದೆ. ಹಿಂದೆ ಹಿಂದೆ ಹೋದರೆ ನಾವು ಹುಟ್ಟುವ ಮೊದಲಿನ ಕಾಲಕ್ಕೆ ತಲುಪುತ್ತೇವೆ. ಅದು ನಮ್ಮ ಕೈಯಲ್ಲಿಲ್ಲ. ಪ್ರಕೃತಿಯ ನಿಯಮಗಳೂ ನಮ್ಮ ಕೈಯಲ್ಲಿಲ್ಲ. ಹಾಗಿದ್ದರೆ ಅವೆರಡರಿಂದ ಬರುವ ಇವತ್ತಿನ ಕೆಲಸ ನಮ್ಮ ಕೈಯಲ್ಲಿ ಹೇಗೆ? ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1814ರಲ್ಲಿ ಇಂಥ ಜಗತ್ತಿನ ಚಿತ್ರ ಬರೆದ. ಅಮೆರಿಕದ ತತ್ತ್ವಜ್ಞಾನಿ ಪೀಟರ್ ವ್ಯಾನ್ ಇನ್‌ವೇಗನ್ 1983ರಲ್ಲಿ ಇದನ್ನು ಬಿಗಿಯಾದ ತರ್ಕವಾಗಿ ಕಟ್ಟಿದರು. ಅಣುಗಳ ಮಟ್ಟದಲ್ಲಿ ಎಲ್ಲವೂ ನಿಗದಿ ಅಲ್ಲ ಎಂದು ಆಧುನಿಕ ಭೌತಶಾಸ್ತ್ರ ಹೇಳುತ್ತದೆ ಎಂದು ಕೆಲವರು ಸಮಾಧಾನ ಪಡುತ್ತಾರೆ. ನನಗೆ ಅದು ಉತ್ತರ ಅನ್ನಿಸುವುದಿಲ್ಲ. ಅಕಸ್ಮಾತ್ತಾಗಿ ಆದದ್ದೂ ನನ್ನ ಕೆಲಸ ಅಲ್ಲವಲ್ಲ.

ಅಪ್ಪನ ವಿಷಯಕ್ಕೂ ಬುಡ ಇದೆ. ಕುಡಿತದ ಚಟಕ್ಕೆ ಬೀಳುವುದರಲ್ಲಿ ಮನುಷ್ಯರ ನಡುವೆ ಇರುವ ವ್ಯತ್ಯಾಸದ ಸುಮಾರು ಅರ್ಧ ಭಾಗ ವಂಶದಿಂದ ಬರುತ್ತದೆ ಎಂದು ಅವಳಿಗಳ ಅಧ್ಯಯನಗಳು ತೋರಿಸಿವೆ. ಇದು ಒಂದು ಜನಸಮೂಹದ ಲೆಕ್ಕ. ನಿಮ್ಮ ತಮ್ಮನ ಒಂದೊಂದು ಗ್ಲಾಸಿನಲ್ಲಿ ಅರ್ಧ ಅಪ್ಪನದ್ದು ಎಂದು ಅರ್ಥ ಅಲ್ಲ. ಆದರೂ ಅವನ ಪಾಲಿಗೆ ಬಂದ ಭಾರ ನಿಮ್ಮ ಪಾಲಿಗೆ ಬಂದಷ್ಟೇ ಎಂದು ಹೇಳಲಾಗದು. ಒಂದೇ ಅಪ್ಪ, ಒಂದೇ ಮನೆ. ಆದರೆ ವಂಶದಿಂದ ಇಬ್ಬರಿಗೂ ಬಂದದ್ದು ಒಂದೇ ಅಲ್ಲ. ಬಂದರಿನಲ್ಲಿ ಕೆಲಸ ಮುಗಿದ ಕೂಡಲೇ ‘ಬಾ’ ಎಂದು ಕರೆಯುವ ಗೆಳೆಯರು ನಿಮಗೆ ಇರಲಿಲ್ಲ. ಇದನ್ನು ಮರೆಯಬೇಡಿ.

ಹಾಗಾದರೆ ಹೊಣೆ ಎಲ್ಲಿ ಉಳಿಯಿತು?

ನನ್ನ ಮಟ್ಟಿಗೆ, ‘ಇದಕ್ಕೆ ಕಾರಣ ಇತ್ತಾ?’ ಎಂಬ ಪ್ರಶ್ನೆಯಿಂದ ಹೊಣೆ ತೀರ್ಮಾನ ಆಗುವುದೇ ಇಲ್ಲ. ಕಾರಣ ಎಲ್ಲದಕ್ಕೂ ಇರುತ್ತದೆ. ನೀವು ಅಮ್ಮನನ್ನು ನೋಡಿಕೊಳ್ಳುವುದಕ್ಕೂ ಕಾರಣ ಇದೆ, ಅದಕ್ಕಾಗಿ ಯಾರೂ ‘ಅದು ನಿಮ್ಮ ಒಳ್ಳೆಯತನ ಅಲ್ಲ, ಮಿದುಳಿನದ್ದು’ ಎನ್ನುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಆ ಹೊತ್ತಲ್ಲಿ ಅವನ ಮನಸ್ಸಿಗೆ ಸರಿ-ತಪ್ಪಿನ ಮಾತು ಕೇಳಿಸುತ್ತಿತ್ತಾ? ಕೇಳಿಸಿದ್ದಕ್ಕೆ ತಕ್ಕಂತೆ ಕೈ ತಿರುಗಿಸುವ ಶಕ್ತಿ ಸ್ವಲ್ಪವಾದರೂ ಇತ್ತಾ?

ಕಾನೂನು ನೋಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧ ಅಲ್ಲ. ಬುದ್ಧಿ ಸ್ವಾಧೀನ ಇಲ್ಲದೆ, ತಾನು ಏನು ಮಾಡುತ್ತಿದ್ದೇನೆ ಎಂದಾಗಲಿ, ಅದು ತಪ್ಪು ಎಂದಾಗಲಿ ತಿಳಿಯಲು ಆಗದವನು ಮಾಡಿದ್ದೂ ಅಪರಾಧ ಅಲ್ಲ. ಇನ್ನೊಬ್ಬರು ಬಲವಂತವಾಗಿ ಅಥವಾ ಗೊತ್ತಿಲ್ಲದ ಹಾಗೆ ಕುಡಿಸಿ ಅದೇ ಸ್ಥಿತಿಗೆ ತಂದಿದ್ದರೆ ವಿನಾಯಿತಿ ಇದೆ. ತಾನೇ ಕುಡಿದವನಿಗೆ ಆ ವಿನಾಯಿತಿ ಇಲ್ಲ. ಇವೆಲ್ಲ ಹಳೆಯ ದಂಡ ಸಂಹಿತೆಯಲ್ಲೂ ಇದ್ದವು. ಈ ನಾಲ್ಕರಲ್ಲೂ ಕಾರಣ ಇದ್ದೇ ಇದೆ. ಆದರೆ ಕಾನೂನು ಗೆರೆ ಎಳೆದದ್ದು ತಿಳಿಯುವ ಶಕ್ತಿ ನೋಡಿ, ಮತ್ತು ಅದನ್ನು ಕಳೆದುಕೊಂಡದ್ದು ಹೇಗೆ ಎಂದು ನೋಡಿ.

ಈಗ ನಿಮ್ಮ ಪತ್ರದ ಆ ಕರಿಮಣಿ ಸರ. ನೀವು ಅದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಇಡೀ ಪತ್ರದಲ್ಲಿ ಮುಖ್ಯ ಅನ್ನಿಸಿದ್ದು ಅದೇ. ಒಂದೇ ಡಬ್ಬ. ಬಳೆ, ಅದರ ಪಕ್ಕ ಸರ. ಎರಡೂ ಚಿನ್ನ, ಎರಡಕ್ಕೂ ದುಡ್ಡು ಸಿಗುತ್ತದೆ. ಅವನು ಬಳೆ ತೆಗೆದ, ಸರ ಬಿಟ್ಟ. ಅಮ್ಮ ಮನೆಯಲ್ಲಿಲ್ಲದ ಹೊತ್ತನ್ನೂ ನೋಡಿಕೊಂಡ. ಅಂದರೆ ಡಬ್ಬದ ಮುಂದೆ ನಿಂತಾಗ ಅವನೊಳಗೆ ತೂಗಿ ನೋಡುವ ಕೆಲಸ ನಡೆಯುತ್ತಿತ್ತು. ‘ಇದು ಅಪ್ಪ ಕಟ್ಟಿದ್ದು, ಇದನ್ನು ಮುಟ್ಟಬಾರದು’ ಎಂಬ ಮಾತು ಅವನಿಗೆ ಕೇಳಿಸಿತು. ಕೇಳಿಸಿತು ಮಾತ್ರ ಅಲ್ಲ, ಕೈ ಅದಕ್ಕೆ ತಕ್ಕಂತೆ ನಡೆಯಿತು. ಅಮ್ಮನ ಸರದ ಮುಂದೆ ನಿಲ್ಲಬಲ್ಲ ಕೈ, ಅಕ್ಕನ ಬಳೆಯ ಮುಂದೆ ನಿಲ್ಲಲು ಸಾಧ್ಯವೇ ಇರಲಿಲ್ಲ ಎಂದು ನಾನು ಒಪ್ಪಲಾರೆ. ಕಷ್ಟ ಆಗಿರಬಹುದು. ಕಷ್ಟ ಬೇರೆ, ಅಸಾಧ್ಯ ಬೇರೆ.

ತಾಳಮದ್ದಳೆ ಕೇಳುವ ಅಭ್ಯಾಸ ನಿಮಗೆ ಇದ್ದರೆ ‘ಕೃಷ್ಣ ಸಂಧಾನ’ದ ಕೌರವನನ್ನು ನೆನಪಿಸಿಕೊಳ್ಳಿ. ‘ಜಾನಾಮಿ ಧರ್ಮಂ ನ ಚ ಮೇ ಪ್ರವೃತ್ತಿಃ’ ಎಂಬ ಶ್ಲೋಕ ಅವನ ಹೆಸರಲ್ಲೇ ಪ್ರಸಿದ್ಧ. ಧರ್ಮ ಏನೆಂದು ಗೊತ್ತು, ಆದರೆ ಮನಸ್ಸು ಅತ್ತ ಹೋಗುವುದಿಲ್ಲ. ಹೃದಯದಲ್ಲಿ ಕೂತ ಯಾವುದೋ ದೇವರು ಮಾಡಿಸಿದ ಹಾಗೆ ಮಾಡುತ್ತೇನೆ. (ಇದು ಪಾಂಡವಗೀತೆ ಎಂಬ ಸ್ತೋತ್ರ ಸಂಗ್ರಹದಲ್ಲಿ ಬರುವ ಶ್ಲೋಕ.) ನಿಮ್ಮ ತಮ್ಮ ದೇವರ ಜಾಗದಲ್ಲಿ ಮಿದುಳನ್ನು ಕೂರಿಸಿದ್ದಾನೆ, ವಾದ ಅದೇ. ಆದರೆ ಆ ಕೌರವ ಅರ್ಥಧಾರಿಯ (ಪಾತ್ರದ ಮಾತಾಡುವ ಕಲಾವಿದನ) ಬಾಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಾನೆ. ಐದು ಊರು ಯಾಕೆ ಕೊಡುವುದಿಲ್ಲ ಎಂಬುದಕ್ಕೆ ಕಾರಣದ ಮೇಲೆ ಕಾರಣ ಕೊಡುತ್ತಾನೆ. ಕೃಷ್ಣ ಹೇಳಿದ್ದನ್ನು ಹಿಡಿದು ತಿರುಗಿಸುತ್ತಾನೆ. ಅಷ್ಟು ಕಾರಣ ಕೊಡಬಲ್ಲವನು ಕಾರಣ ಕೇಳಬಲ್ಲವನೂ ಹೌದು. ನಿಮ್ಮ ತಮ್ಮನೂ ಹಾಗೆಯೇ. ಸಿಕ್ಕಿಬಿದ್ದಾಗ ವಿಜ್ಞಾನ ಹೇಳಿ ವಾದ ಮಾಡಿದ. ವಾದ ಮಾಡುವುದು ಎಂದರೆ ನ್ಯಾಯದ ಕಟ್ಟೆಗೆ ತಾನೇ ಹತ್ತಿ ಕೂತ ಹಾಗೆ. ಅಲ್ಲಿ ಕೂತ ಮೇಲೆ ‘ನನ್ನನ್ನು ಕೇಳಬೇಡ’ ಎನ್ನಲು ಬರುವುದಿಲ್ಲ.

ಈಗ ಸಿಟ್ಟಿನ ವಿಷಯ. ಇದಕ್ಕೆ ಒಂದು ಹಳೆಯ ಕಥೆ ಹೇಳಲೇಬೇಕು. ಬುದ್ಧ, ಮಹಾವೀರರ ಕಾಲದಲ್ಲಿ ಮಕ್ಖಲಿ ಗೋಸಾಲ ಎಂಬ ಗುರು ಇದ್ದ. ಅವನ ಪಂಥದ ಹೆಸರು ಆಜೀವಿಕ. ಎಲ್ಲವೂ ನಿಯತಿ, ಅಂದರೆ ಮೊದಲೇ ನಿಗದಿ, ಮನುಷ್ಯ ಪ್ರಯತ್ನ ಎಂಬುದೇ ಇಲ್ಲ ಎಂದು ಅವನ ಉಪದೇಶ. ಎಸೆದ ನೂಲಿನ ಉಂಡೆ ಬಿಚ್ಚಿಕೊಳ್ಳುತ್ತಾ ನೂಲು ಮುಗಿಯುವವರೆಗೆ ಉರುಳುವ ಹಾಗೆ, ಮೂರ್ಖನೂ ಪಂಡಿತನೂ ತಮ್ಮ ತಮ್ಮ ಸಂಸಾರ ಮುಗಿಯುವವರೆಗೆ ಉರುಳುತ್ತಾರೆ ಎಂದು ಅವನು ಹೇಳಿದನೆಂದು ಬೌದ್ಧ ಗ್ರಂಥಗಳು ದಾಖಲಿಸಿವೆ. ಅವನ ಶಿಷ್ಯನೊಬ್ಬನ ಕಥೆ ಜೈನರ ಉಪಾಸಕದಶಾಂಗ ಎಂಬ ಗ್ರಂಥದಲ್ಲಿ ಬರುತ್ತದೆ. (ನಮ್ಮ ಕಾರ್ಕಳ, ಮೂಡುಬಿದಿರೆಯ ಜೈನರು ದಿಗಂಬರರು. ಇದು ಶ್ವೇತಾಂಬರರ ಆಗಮ. ಹಾಗಾಗಿ ನಮ್ಮ ಕಡೆ ಈ ಕಥೆ ಅಷ್ಟಾಗಿ ಕೇಳಿಬರುವುದಿಲ್ಲ.)

ಆ ಶಿಷ್ಯ ಸದ್ದಾಲಪುತ್ತ, ಪೋಲಾಸಪುರದ ಕುಂಬಾರ. ಊರ ಹೊರಗೆ ಐನೂರು ಮಡಕೆ ಅಂಗಡಿ ಇದ್ದ ದೊಡ್ಡ ಕುಳ. ಒಂದು ದಿನ ಹಸಿ ಮಡಕೆಗಳನ್ನು ಬಿಸಿಲಿಗೆ ಇಡುತ್ತಿದ್ದಾಗ ಮಹಾವೀರರು ಕೇಳಿದರು: ಈ ಮಡಕೆ ಆದದ್ದು ಪ್ರಯತ್ನದಿಂದಲೋ, ಪ್ರಯತ್ನ ಇಲ್ಲದೆಯೋ? ಅವನು ಗುರು ಹೇಳಿಕೊಟ್ಟದ್ದನ್ನೇ ಹೇಳಿದ: ಪ್ರಯತ್ನ ಎಂಬುದೇ ಇಲ್ಲ, ಎಲ್ಲವೂ ನಿಗದಿ. ಆಗ ಮಹಾವೀರರು ಇನ್ನೊಂದು ಕೇಳಿದರು. ಯಾರಾದರೂ ಈ ಮಡಕೆ ಕದ್ದರೆ, ಒಡೆದುಹಾಕಿದರೆ, ನಿನ್ನ ಹೆಂಡತಿಯ ಮೇಲೆ ಕೈ ಹಾಕಿದರೆ ಏನು ಮಾಡುತ್ತೀ? ಸದ್ದಾಲಪುತ್ತ ತಡವರಿಸಲಿಲ್ಲ. ಬೈಯುತ್ತೇನೆ, ಹೊಡೆಯುತ್ತೇನೆ, ಪ್ರಾಣ ಬೇಕಾದರೂ ತೆಗೆಯುತ್ತೇನೆ ಎಂದ. ಮಹಾವೀರರು ಹೇಳಿದ್ದು ಇಷ್ಟು: ಎಲ್ಲವೂ ನಿಗದಿಯಾಗಿದ್ದರೆ ಯಾರೂ ಕದ್ದಿಲ್ಲ, ಯಾರೂ ಒಡೆದಿಲ್ಲ. ಮತ್ತೆ ನೀನು ಯಾರನ್ನು ಹೊಡೆಯುತ್ತೀ?

ಇದರಿಂದ ನಿಯತಿವಾದ ಸುಳ್ಳು ಎಂದು ಸಾಬೀತಾಗುವುದಿಲ್ಲ. ತರ್ಕದ ದೃಷ್ಟಿಯಿಂದ ಅಷ್ಟು ಹೇಳಲಾಗದು. ಆದರೆ ಆ ಕುಂಬಾರ ಅದನ್ನು ನಂಬಿ ಬದುಕುತ್ತಿರಲಿಲ್ಲ ಎಂದು ಸಾಬೀತಾಯಿತು. ನಿಮ್ಮ ತಮ್ಮನನ್ನೂ ಕೇಳಿ ನೋಡಿ. ಬೋಟಿನ ಪಾಲು ಹಂಚುವಾಗ ಯಾರಾದರೂ ಅವನ ಪಾಲಿನಲ್ಲಿ ಸಾವಿರ ರೂಪಾಯಿ ಹೊಡೆದು ‘ನನ್ನ ಮಿದುಳೇ ಹೀಗೆ ಮಾರಾಯ’ ಎಂದರೆ ಸುಮ್ನೆ ಬಿಡುತ್ತಾನಾ?

ಇಂಗ್ಲೆಂಡಿನ ತತ್ತ್ವಜ್ಞಾನಿ ಪಿ.ಎಫ್. ಸ್ಟ್ರಾಸನ್ 1962ರಲ್ಲಿ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದರು. ಸಿಟ್ಟು, ಬೇಸರ, ಕೃತಜ್ಞತೆ, ಕ್ಷಮೆ ಇವೆಲ್ಲ ಒಂದು ಸಿದ್ಧಾಂತ ನಂಬಿ ಹುಟ್ಟಿದ್ದಲ್ಲ, ಹಾಗಾಗಿ ಸಿದ್ಧಾಂತ ಬದಲಾದ ಮಾತ್ರಕ್ಕೆ ಹೋಗುವುದೂ ಇಲ್ಲ ಎಂದರು. ಮನುಷ್ಯರು ಮನುಷ್ಯರ ಜೊತೆ ಬದುಕುವ ರೀತಿಯೇ ಅದು. ನಾವು ಸಿಟ್ಟನ್ನು ಬದಿಗಿಡುವ ಸಂದರ್ಭಗಳು ಇವೆ: ಅವನಿಗೆ ಗೊತ್ತಿರಲಿಲ್ಲ, ಯಾರೋ ದೂಡಿದರು, ಅವನು ಮಗು, ಅವನ ಬುದ್ಧಿ ಸ್ಥಿಮಿತದಲ್ಲಿಲ್ಲ. ಕೊನೆಯ ಎರಡರಲ್ಲಿ ನಾವು ಎದುರಿನವರನ್ನು ನೋಡುವ ನೋಟವೇ ಬದಲಾಗುತ್ತದೆ. ಅವರ ಜೊತೆ ಜಗಳ ಮಾಡುವುದಿಲ್ಲ. ಅವರನ್ನು ಸಂಭಾಳಿಸುತ್ತೇವೆ, ಚಿಕಿತ್ಸೆ ಕೊಡಿಸುತ್ತೇವೆ, ಕೀಲಿ ಅಡಗಿಸಿ ಇಡುತ್ತೇವೆ.

ನಿಮ್ಮ ತಮ್ಮ ಕೇಳುತ್ತಿರುವುದು ಈ ನೋಟವನ್ನು. ಅದು ಅವನಿಗೆ ಒಳ್ಳೆಯದು ಎಂದು ನನಗೆ ಅನ್ನಿಸುವುದಿಲ್ಲ. ಯಾರ ಮೇಲೆ ನಾವು ಸಿಟ್ಟು ಮಾಡುವುದನ್ನೇ ಬಿಟ್ಟುಬಿಡುತ್ತೇವೋ, ಅವರಿಂದ ಏನನ್ನೂ ನಿರೀಕ್ಷಿಸುವುದಿಲ್ಲ ಎಂದು ಹೇಳಿದ ಹಾಗೆ. ನೀವು ಇನ್ನೂ ಸಿಟ್ಟಾಗುತ್ತಿದ್ದೀರಿ ಎಂದರೆ ಅವನನ್ನು ಇನ್ನೂ ತಮ್ಮ ಎಂದೇ ನೋಡುತ್ತಿದ್ದೀರಿ, ರೋಗಿ ಎಂದಷ್ಟೇ ಅಲ್ಲ. ಅದನ್ನು ನೀವಾಗಿ ಕೈಬಿಡಬೇಡಿ.

ಆದರೆ ಸಿಟ್ಟಿನಲ್ಲೂ ಎರಡು ಬಗೆ. ಇದೇ ಸ್ಟ್ರಾಸನ್ ಅವರ ಮಗ ಗೇಲನ್ ಸ್ಟ್ರಾಸನ್, ಅವರೂ ತತ್ತ್ವಜ್ಞಾನಿ, ಅಪ್ಪನಿಗೆ ಎದುರಾದ ವಾದ ಹೂಡಿದರು. ನಾನು ಮಾಡುವುದು ನಾನು ಇರುವ ರೀತಿಯಿಂದ. ನಾನು ಇರುವ ರೀತಿಗೆ ಪೂರ್ತಿ ಹೊಣೆ ನನ್ನದಾಗಬೇಕಾದರೆ ನನ್ನನ್ನು ನಾನೇ ಮಾಡಿಕೊಂಡಿರಬೇಕು. ಅದು ಯಾರಿಗೂ ಆಗದ ಕೆಲಸ. ಈ ವಾದಕ್ಕೆ ಗಟ್ಟಿ ಉತ್ತರ ನಾನು ಎಲ್ಲೂ ಕಂಡಿಲ್ಲ, ಒಪ್ಪುತ್ತೇನೆ. ಒಪ್ಪಿದರೆ ಹೋಗುವುದು ಯಾವುದು? ‘ಅವನು ಹಾಳಾಗಿ ಹೋಗಲಿ, ನರಳಲಿ, ಅವನಿಗೆ ಅದೇ ಆಗಬೇಕು’ ಎಂಬ ಸಿಟ್ಟು. ಬೇರೆ ಅಪ್ಪ, ಬೇರೆ ಓರಗೆಯವರು, ಬೇರೆ ಕೆಲಸ ಸಿಕ್ಕಿದ್ದರೆ ಅವನು ಬೇರೆಯೇ ಆಗಿರುತ್ತಿದ್ದ. ಹಾಗಾಗಿ ಅವನು ನರಳುವುದನ್ನು ನೋಡಿ ಸಂತೋಷ ಪಡಲು ನಮಗೆ ಆಧಾರ ಇಲ್ಲ. ಉಳಿಯುವುದು ಯಾವುದು? ‘ನೀನು ಹೀಗೆ ಮಾಡಿದೆ, ಇದರಿಂದ ನನಗೆ ನೋವಾಯಿತು, ಇದನ್ನು ಸರಿ ಮಾಡು’ ಎಂಬ ಸಿಟ್ಟು. ಇದಕ್ಕೆ ಅವನು ತನ್ನನ್ನು ತಾನೇ ಸೃಷ್ಟಿಸಿಕೊಂಡಿರಬೇಕಾಗಿಲ್ಲ. ಮಾತು ಅರ್ಥ ಆಗುವವನಾದರೆ ಸಾಕು.

ಚಟದ ಬಗ್ಗೆಯೂ ಹೇಳಬೇಕು. ಚಟ ಆಯ್ಕೆಯನ್ನು ಕಿರಿದು ಮಾಡುತ್ತದೆ, ಅದು ನಿಜ. ಅಮೆರಿಕದ ತತ್ತ್ವಜ್ಞಾನಿ ಹ್ಯಾರಿ ಫ್ರಾಂಕ್‌ಫರ್ಟ್ 1971ರಲ್ಲಿ ಚಟಕ್ಕೆ ಬಿದ್ದವರಲ್ಲಿ ಗುರುತಿಸಿದ ಬಗೆಗಳಲ್ಲಿ ಎರಡು ಇಲ್ಲಿ ಮುಖ್ಯ: ‘ಈ ಆಸೆ ನನಗೆ ಇರಬಾರದಿತ್ತು’ ಎಂದು ಒಳಗೆ ಹೋರಾಡುವವನು, ಮತ್ತು ಆ ಆಸೆಯ ಜೊತೆ ರಾಜಿಯಾದವನು. ನಿಮ್ಮ ತಮ್ಮ ಯಾವ ಬಗೆ ಎಂದು ಅವನನ್ನೇ ಕೇಳಬೇಕು, ಅದೂ ಕುಡಿಯದ ಹೊತ್ತಲ್ಲಿ. ಸುತ್ತಲಿನ ಪರಿಸರವೂ ದೊಡ್ಡದು. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಅಮೆರಿಕದ ಸೈನಿಕರಲ್ಲಿ ಬಹುಪಾಲು ಜನ ಊರಿಗೆ ಮರಳಿದ ಮೇಲೆ ಆ ಚಟಕ್ಕೆ ಮತ್ತೆ ಬೀಳಲಿಲ್ಲ ಎಂದು ಸಂಶೋಧಕಿ ಲೀ ರಾಬಿನ್ಸ್ 1970ರ ದಶಕದಲ್ಲಿ ತೋರಿಸಿದರು. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ಬಂದ್. ಕೆಲಸ ಇಲ್ಲ, ಹೊತ್ತು ಹೋಗುವುದಿಲ್ಲ, ಕೈಯಲ್ಲಿ ದುಡ್ಡೂ ಇಲ್ಲ. ಬಳೆ ಹೋದದ್ದು ಈ ದಿನಗಳಲ್ಲಿ. ಇದು ಅವನ ಹೊಣೆಯನ್ನು ಪೂರ್ತಿ ಅಳಿಸುವುದಿಲ್ಲ, ತೂಕ ಸ್ವಲ್ಪ ಇಳಿಸುತ್ತದೆ. ಮುಂದಿನ ಮಳೆಗಾಲಕ್ಕೆ ಈಗಲೇ ಬೇರೆ ಕೆಲಸ ನೋಡಿಡುವುದು ಅವನದ್ದೇ ಹೊಣೆ. ಜೂನ್ ಬರುತ್ತದೆ ಎಂದು ಅವನಿಗೆ ಗೊತ್ತುಂಟಲ್ಲ.

ಇನ್ನು ಅಮ್ಮನ ‘ಹಣೆಬರಹ’. ಅವರೊಡನೆ ವಾದಕ್ಕೆ ಇಳಿಯಬೇಡಿ. ಆದರೆ ದೇವರೇ ಎಲ್ಲ ಮಾಡಿಸುವುದು ಎಂಬ ನಂಬಿಕೆಯಿಂದ ‘ಬಿಡು’ ಎಂಬ ಮಾತು ತಾನಾಗಿ ಬರುವುದಿಲ್ಲ. ಉಡುಪಿಯಲ್ಲಿ ಇದನ್ನು ಹೇಳಲು ದೂರ ಹೋಗಬೇಕಾಗಿಲ್ಲ. ಸ್ವತಂತ್ರನು ವಿಷ್ಣು ಒಬ್ಬನೇ, ಉಳಿದದ್ದೆಲ್ಲ ಅಸ್ವತಂತ್ರ ಎಂದು ಇಷ್ಟು ಖಡಾಖಂಡಿತವಾಗಿ ಹೇಳಿದವರು ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರೇ. ಆದರೆ ಜೀವನು ಕರ್ತೃವೇ ಅಲ್ಲ ಎಂದು ಅವರು ಹೇಳಲಿಲ್ಲ. ಬ್ರಹ್ಮಸೂತ್ರದಲ್ಲಿ ಬಡಗಿಯ ದೃಷ್ಟಾಂತ ಬರುತ್ತದೆ. ಮಧ್ವರು ಅದನ್ನು ಬಿಡಿಸುವುದು ಹೀಗೆ: ಬಡಗಿ ಕೆಲಸ ಮಾಡಿಸುವವನ ಅಧೀನ, ಆದರೂ ಕೆಲಸ ಮಾಡುವವನು ಬಡಗಿಯೇ. ಮುಂದಿನ ಸೂತ್ರಗಳಲ್ಲಿ, ಜೀವನು ಮಾಡುವ ಪ್ರಯತ್ನವನ್ನು ನೋಡಿಯೇ ದೇವರು ಮಾಡಿಸುತ್ತಾನೆ, ಇಲ್ಲದಿದ್ದರೆ ‘ಇದನ್ನು ಮಾಡು, ಇದನ್ನು ಮಾಡಬೇಡ’ ಎಂಬ ಶಾಸ್ತ್ರದ ಮಾತೆಲ್ಲ ವ್ಯರ್ಥ ಆಗುತ್ತದೆ ಎಂದಿದೆ. ಜೀವರ ಸ್ವಭಾವವೇ ಅನಾದಿಯಿಂದ ಬೇರೆ ಬೇರೆ ಎಂಬ ಅವರ ಇನ್ನೊಂದು ಮಾತು ನನಗೆ ಒಪ್ಪಲು ಕಷ್ಟ. ಆದರೆ ಬಡಗಿಯ ವಿಷಯದಲ್ಲಿ ಅವರು ಹೇಳಿದ್ದು ಸರಿ ಎಂದೇ ನನ್ನ ಎಣಿಕೆ. ಗೀತೆಯ ಕೊನೆಯಲ್ಲೂ ಕೃಷ್ಣ ಎಲ್ಲ ಹೇಳಿ ಮುಗಿಸಿ ಅರ್ಜುನನಿಗೆ ‘ಯಥೇಚ್ಛಸಿ ತಥಾ ಕುರು’ ಎನ್ನುತ್ತಾನೆ, ನಿನಗೆ ಹೇಗೆ ಬೇಕೋ ಹಾಗೆ ಮಾಡು ಎಂದು. ಅಮ್ಮನಿಗೆ ಈ ಮಾತು ಗೊತ್ತಿರಬಹುದು.

ಈಗ ಮಾಡಬೇಕಾದ್ದು. ಬೆಳಗ್ಗೆ, ಅವನು ಕುಡಿಯದ ಹೊತ್ತಲ್ಲಿ, ನೀವಿಬ್ಬರೇ ಕೂತು ಮಾತಾಡಿ. ಮಿದುಳಿನ ವಿಷಯ ಎತ್ತಿದರೆ ವಾದ ಬೆಳೆಸಬೇಡಿ. ‘ಇರಲಿ, ಮಿದುಳು ನಿನ್ನದೇ ಅಲ್ವಾ? ಅಮ್ಮನ ಸರ ಯಾಕೆ ಬಿಟ್ಟೆ ಹೇಳು’ ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಅವನ ಕೈ ಬೆಳಗ್ಗೆ ನಡುಗುತ್ತದಾ, ಬೆವರುತ್ತಾನಾ ಎಂದು ಗಮನಿಸಿ. ಹಾಗಿದ್ದರೆ ಒಮ್ಮೆಲೇ ಕುಡಿತ ನಿಲ್ಲಿಸುವುದು ಜೀವಕ್ಕೇ ಅಪಾಯ, ವೈದ್ಯರ ನಿಗಾದಲ್ಲೇ ಬಿಡಿಸಬೇಕು. ಎಲ್ಲಿಗೆ ಹೋಗುವುದು ಎಂದು ತಿಳಿಯದಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಚಿಕಿತ್ಸೆಗೆ ಹೋಗುವುದು ಅವನು ತೆಗೆದುಕೊಳ್ಳಬೇಕಾದ ಹೊಣೆಯ ಒಂದು ಭಾಗ, ಹೊಣೆಯಿಂದ ರಜೆ ಅಲ್ಲ ಎಂದು ಅವನಿಗೆ ಹೇಳಿ.

ಬಳೆಯನ್ನು ನೀವೇ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಡಿ, ಕೈಯಲ್ಲಿ ದುಡ್ಡು ಇದ್ದರೂ. ಅಡವಿನ ರಶೀದಿ ಮಾತ್ರ ಇವತ್ತೇ ಅವನಿಂದ ತೆಗೆದುಕೊಳ್ಳಿ. ಬಡ್ಡಿ ಎಷ್ಟು, ಯಾವ ತಾರೀಕಿನ ಒಳಗೆ ಬಿಡಿಸಬೇಕು, ತಪ್ಪಿದರೆ ಹರಾಜು ಯಾವಾಗ ಎಂದು ನೋಡಿಕೊಳ್ಳಿ. ಆಗಸ್ಟ್‌ನಲ್ಲಿ ಬೋಟ್ ಮತ್ತೆ ಕಡಲಿಗೆ ಇಳಿದ ಮೇಲೆ ಪ್ರತಿ ಸಲ ಬರುವ ಪಾಲಿನಲ್ಲಿ ಬಳೆಗೆಂದು ಎಷ್ಟು ತೆಗೆದಿಡುತ್ತಾನೆ ಎಂಬುದನ್ನು ಅವನ ಬಾಯಿಂದಲೇ ಹೇಳಿಸಿ, ಅವನ ಕೈಯಿಂದಲೇ ಬರೆಸಿ. ಮೊತ್ತ ಸಣ್ಣದಾದರೂ ಪರವಾಗಿಲ್ಲ. ಬೋಟ್ ಹೊರಡುವ ಮೊದಲು ಇಷ್ಟು ಆಗಲಿ.